ನಕ್ಷೆ ಬಿಟ್ಟುಕೊಟ್ಟರೆ ವ್ಯಾಪಾರ ಉಳಿದೀತೇ?

ಪ್ರಶ್ನೆ: ಕುಶಾಲನಗರದಲ್ಲಿ ನಾವಿಬ್ಬರು ಪಾಲುದಾರರು, ಇಬ್ಬರು ಹುಡುಗರನ್ನು ಇಟ್ಟುಕೊಂಡು ಚಿಕ್ಕ ಎಲೆಕ್ಟ್ರಾನಿಕ್ಸ್ ಘಟಕ ನಡೆಸುತ್ತಿದ್ದೇವೆ. ಕಾಫಿ ತೋಟಗಳಿಗೆ ಎರಡು ಸಾಧನ ಮಾಡುತ್ತೇವೆ. ಒಂದು, ಮಳೆ ಮತ್ತು ಮಣ್ಣಿನ ತೇವ ಅಳೆದು ದೂರಕ್ಕೆ ಹಾಯುವ ಲೋರಾ ರೇಡಿಯೊ ಮೂಲಕ ಬಂಗಲೆಗೆ ಕಳಿಸುವ ಪೆಟ್ಟಿಗೆ. ಇನ್ನೊಂದು, ಸ್ಪ್ರಿಂಕ್ಲರ್ ಪಂಪನ್ನು ಮೊಬೈಲಿನಿಂದಲೇ ಆನ್-ಆಫ್ ಮಾಡುವ ತ್ರೀ ಫೇಸ್ ಬಾಕ್ಸ್. ಎರಡು ವರ್ಷದಲ್ಲಿ 60 ಮಳೆ ಪೆಟ್ಟಿಗೆ ಮಾರಿದ್ದೇವೆ. ಬೆಲೆ 14,500 ರೂಪಾಯಿ, ಬಿಡಿಭಾಗಗಳಿಗೇ 5,200 ಆಗುತ್ತದೆ. ಈಗ ಸೋಮವಾರಪೇಟೆ ಕಡೆಯ ಬೆಳೆಗಾರರ ಗುಂಪೊಂದು ಒಟ್ಟಿಗೆ 150 ಕೇಳುತ್ತಿದೆ. ಆದರೆ ‘ನಾಳೆ ನೀವು ಬಾಗಿಲು ಹಾಕಿದರೆ ನಮ್ಮ ಗತಿ? ಡಿಸೈನ್ ಓಪನ್ ಮಾಡಿ’ ಎಂಬ ಷರತ್ತು. ‘ಬಿಟ್ಟ ಒಂದೇ ತಿಂಗಳಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಅರ್ಧ ಬೆಲೆಗೆ ಸಿಗುತ್ತದೆ’ ಅಂತ ನನ್ನ ಪಾಲುದಾರ. ಪೇಟೆಂಟ್ ಮಾಡಿಸಿ ಆಮೇಲೆ ಬಿಡಬಹುದೇ? ಪ್ರೋಗ್ರಾಮನ್ನೂ ಕೊಡಬೇಕೇ? ನಮ್ಮ ನಕ್ಷೆ ನೋಡಿ ಬೇರೆ ಯಾರೋ ಮಾಡಿದ ಬಾಕ್ಸಿನಿಂದ ಪಂಪ್ ಸುಟ್ಟರೆ ಹೊಣೆ ಯಾರದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳಿವೆ. ಬೆಳೆಗಾರರದ್ದು ಅನಾಥರಾಗುವ ಭಯ, ನಿಮ್ಮ ಪಾಲುದಾರರದ್ದು ನಕಲಿನ ಭಯ. ಎರಡೂ ಸುಳ್ಳಲ್ಲ. ಆದರೆ ಎರಡಕ್ಕೂ ಒಂದೇ ಮದ್ದು ಹುಡುಕುತ್ತಿರುವುದರಿಂದ ಗಂಟು ಬಿಗಿಯಾಗಿದೆ. ಬೆಳೆಗಾರರು ಕೇಳುತ್ತಿರುವುದು ಕೆಟ್ಟಾಗ ರಿಪೇರಿಯಾಗುತ್ತದೆ ಎಂಬ ಭರವಸೆಯನ್ನು. ಅದನ್ನು ಕೊಡುವ ದಾರಿಗಳಲ್ಲಿ, ನಕ್ಷೆಯನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಮಾಡಿ ಮಾರಲು ಬಿಡುವ ಓಪನ್ ಹಾರ್ಡ್‌ವೇರ್ ಒಂದು. ಅದೊಂದೇ ಅಲ್ಲ.

ಮೊದಲು ನಕಲಿನ ವಿಷಯ. ನಿಮ್ಮದು ಬಹುಶಃ ಎರಡು ಪದರದ ಬೋರ್ಡ್. ಅದರ ಗುಟ್ಟು ಮೊದಲ ಪೆಟ್ಟಿಗೆ ಮಾರಿದ ದಿನವೇ ಹೊರಗೆ ಹೋಗಿದೆ. 14,500 ಕೊಟ್ಟು ಒಂದು ಪೆಟ್ಟಿಗೆ ಕೊಂಡವನು ಬಿಸಿಗಾಳಿಯಿಂದ ಬಿಡಿಭಾಗ ಬಿಚ್ಚಿ, ಎರಡೂ ಬದಿ ಸ್ಕ್ಯಾನ್ ಮಾಡಿ, ಗೆರೆ ಹಿಡಿದು ಹೋದರೆ ಕೆಲವೇ ದಿನದಲ್ಲಿ ಸರ್ಕ್ಯೂಟ್ ಕೈಗೆ ಬರುತ್ತದೆ. ಒಳಗಿರುವುದು ಇಎಸ್‌ಪಿ32 ಚಿಪ್ ಆಗಿದ್ದು, ನೀವು ಅದರ ಪ್ರೋಗ್ರಾಮಿಗೆ ಬೀಗ ಹಾಕುವ ಫ್ಲ್ಯಾಶ್ ಎನ್‌ಕ್ರಿಪ್ಷನ್ ಹಾಕಿರದಿದ್ದರೆ ಪ್ರೋಗ್ರಾಮನ್ನೂ ಓದಿ ಇನ್ನೊಂದು ಚಿಪ್ಪಿಗೆ ತುಂಬಬಹುದು. ನಕ್ಷೆ ಮುಚ್ಚಿಟ್ಟು ನೀವು ಗಳಿಸುವುದು ಹೆಚ್ಚೆಂದರೆ ಒಂದೆರಡು ವಾರ.

ಇಷ್ಟು ಸುಲಭವಿದ್ದೂ ಈವರೆಗೆ ಯಾರೂ ಯಾಕೆ ಮಾಡಿಲ್ಲ? ಸಾವಿರಗಟ್ಟಲೆ ಹೋಗುವ ಸಾಮಾನನ್ನು ಎಸ್.ಪಿ. ರೋಡಿನವರು ನಕಲು ಮಾಡುತ್ತಾರೆ. ಕೊಡಗಿನ ಬೆಟ್ಟದ ಮೇಲೆ ನೆಟ್ಟು ಬರಬೇಕಾದ 150 ಪೆಟ್ಟಿಗೆಗೆ ಅವರು ಕೈ ಹಾಕುವುದು ಕಷ್ಟ. ನಿಮಗೆ ನಿಜಕ್ಕೂ ಎದುರಾಳಿ ಹುಟ್ಟುವುದಾದರೆ ಹತ್ತಿರದಲ್ಲೇ ಹುಟ್ಟುತ್ತಾನೆ: ಗೋಣಿಕೊಪ್ಪಲಿನ ಪಂಪ್ ಡೀಲರ್ ಆಗಬಹುದು, ನಿಮ್ಮಲ್ಲೇ ಕೆಲಸ ಕಲಿತ ಹುಡುಗನೂ ಆಗಬಹುದು. ಅವನಿಗೆ ನಿಮ್ಮ ಕಡತಗಳ ಅವಶ್ಯಕತೆಯೇ ಇಲ್ಲ.

ಹಾಗಾದರೆ ನಿಮ್ಮ ಬಂಡವಾಳ ಎಲ್ಲಿದೆ? ಮಳೆ ಪೆಟ್ಟಿಗೆಯನ್ನೇ ಬಿಚ್ಚಿ ನೋಡೋಣ.

ಕೊಡಗಿನ ತೋಟದಲ್ಲಿ ಗುಮಾಸ್ತ, ಅಂದರೆ ರೈಟರ್, ಬರೆಯುವ ಮಳೆ ಲೆಕ್ಕ ಇಂಚು-ಸೆಂಟಿನದು. ಒಂದು ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ, 0.254 ಮಿ.ಮೀ. ಆಲಿಕೆಯ ಬಾಯಿ 160 ಮಿ.ಮೀ. ಅಗಲವಿದ್ದರೆ ಒಂದು ಸೆಂಟ್ ಮಳೆಗೆ ಅದರೊಳಗೆ ಬೀಳುವ ನೀರು 5.1 ಮಿ.ಲೀ. ಅಷ್ಟು ತುಂಬಿದಾಗ ಒಳಗಿನ ಜೋಡಿ ಬಟ್ಟಲು ತೂಗಿ ಮಗುಚಬೇಕು, ಅದರ ಆಯಸ್ಕಾಂತ ತನ್ನ ಸೆಳೆತಕ್ಕೆ ಮುಚ್ಚಿಕೊಳ್ಳುವ ರೀಡ್ ಸ್ವಿಚ್ಚಿನ ಮುಂದೆ ಹಾಯಬೇಕು, ಲೆಕ್ಕ ಒಂದು ಏರಬೇಕು. ಒಂದು ಲೀಟರ್ ನೀರಿಗೆ 196 ಸಲ ಮಗುಚಿದರೆ ಪೆಟ್ಟಿಗೆ ಸರಿ.

ಈ ಒಂದು ಲೀಟರನ್ನು ಒಂದು ಗಂಟೆಯಲ್ಲಿ ಬಿಟ್ಟರೆ ಅದು ಗಂಟೆಗೆ ಎರಡಿಂಚಿನ ಮಳೆಗೆ ಸಮ. 196 ಸುಲಭವಾಗಿ ಬರುತ್ತದೆ. ಅದೇ ನೀರನ್ನು 20 ನಿಮಿಷದಲ್ಲಿ ಬಿಡಿ. ಅದು ಗಂಟೆಗೆ ಆರಿಂಚಿನ ಬಿರುಸು, ಜುಲೈಯ ಸುರಿಮಳೆಯಲ್ಲಿ ಕೆಲವು ನಿಮಿಷವಾದರೂ ಹೀಗೆ ಬೀಳುವುದುಂಟು. ಆಗ ಆರು ಸೆಕೆಂಡಿಗೊಮ್ಮೆ ಬಟ್ಟಲು ಮಗುಚುತ್ತದೆ. ಮಗುಚಲು ಅರ್ಧ ಸೆಕೆಂಡ್ ಬೇಕಾದರೆ, ಅದರಲ್ಲಿ ಅರ್ಧದಷ್ಟು ಹೊತ್ತು ನೀರು ಆಗಲೇ ತುಂಬಿದ ಬಟ್ಟಲಿಗೇ ಬಿದ್ದು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. 196ರ ಜಾಗದಲ್ಲಿ 188 ಬರುತ್ತದೆ, ಅಂದರೆ ನೂರಕ್ಕೆ ನಾಲ್ಕು ಕಡಿಮೆ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ರೀಡ್ ಸ್ವಿಚ್ಚಿನ ಎಲೆ ಮುಚ್ಚುವಾಗ ಒಂದೆರಡು ಮಿಲಿಸೆಕೆಂಡ್ ನಡುಗುತ್ತದೆ, ಪ್ರೋಗ್ರಾಮ್ ಅದನ್ನು ಎರಡು ಸಲ ಎಣಿಸುತ್ತದೆ. ಮೊದಲ ತಪ್ಪಿಗೆ ವೇಗಕ್ಕೆ ತಕ್ಕ ತಿದ್ದುಪಟ್ಟಿ ಬೇಕು. ಎರಡನೆಯದಕ್ಕೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್, ಜೊತೆಗೆ ಪ್ರೋಗ್ರಾಮಿನಲ್ಲಿ ಸ್ವಲ್ಪ ಕಾಯುವಿಕೆ ಸಾಕು.

ಬಟ್ಟಲಿನ ಅಡಿಯ ತಿರುಪನ್ನು ಕಾಲು ಸುತ್ತು, ಅರ್ಧ ಸುತ್ತು ಎಂದು ತಿರುಗಿಸುತ್ತ, ಪ್ರತಿ ಪೆಟ್ಟಿಗೆಗೂ ಎರಡೆರಡು ಸಲ ನೀರು ಬಿಟ್ಟು ಎಣಿಸುವ ಕೆಲಸ ನಕ್ಷೆಯೊಳಗೆ ಇರುವುದಿಲ್ಲ. ನಕ್ಷೆ ಸಿಕ್ಕವನು ಪೆಟ್ಟಿಗೆ ಮಾಡಿಯಾನು. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ 80 ಸೆಂಟಾಯಿತೋ, ಪೂರ್ತಿ ಒಂದಿಂಚಾಯಿತೋ, ಪಂಪ್ ಹಾಕಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಂಡು ಕೂತ ಬೆಳೆಗಾರನಿಗೆ ಬೇಕಾದದ್ದು ನಂಬಬಹುದಾದ ಅಂಕಿ. 14,500ರಲ್ಲಿ ಬಿಡಿಭಾಗ ಕಳೆದು ಉಳಿಯುವ 9,300 ರೂಪಾಯಿ ಬರುವುದು ಈ ಕೆಲಸಕ್ಕೆ, ಸಿಲ್ವರ್ ಓಕ್ ನೆರಳಿನಲ್ಲಿ ಸಿಗ್ನಲ್ ಹಾಯುವ ಜಾಗ ಹುಡುಕಿ ಕಂಬ ನೆಡುವುದಕ್ಕೆ, ಮೇ ತಿಂಗಳಲ್ಲಿ ಹೋಗಿ ಆಲಿಕೆಯ ಎಲೆಕಸ, ಜೇಡರಬಲೆ ತೆಗೆಯುವುದಕ್ಕೆ.

ನಕ್ಷೆ ಮಾತ್ರ ನಕಲಾದರೆ ಏನಾಗುತ್ತದೆ ಎನ್ನುವುದಕ್ಕೆ ಸಾಕ್ಷಿ ನಿಮ್ಮ ಮೇಜಿನ ಮೇಲೇ ಇರಬೇಕು. ನೂರು ರೂಪಾಯಿ ಆಸುಪಾಸಿಗೆ ಸಿಗುವ ಕೆಪಾಸಿಟಿವ್ ಮಣ್ಣು ಸೆನ್ಸರ್ ತೆಗೆದು ನೋಡಿ. ಅದರ ಸರ್ಕ್ಯೂಟ್ ಎಲ್ಲರಿಗೂ ಸಿಗುತ್ತದೆ. ಮೂಲ ಸರ್ಕ್ಯೂಟಿನಲ್ಲಿರುವುದು ಕಡಿಮೆ ವೋಲ್ಟೇಜಿನಲ್ಲೂ ಓಡುವ ಟೈಮರ್ ಚಿಪ್ ಟಿಎಲ್‌ಸಿ555. ನಕಲು ಮಾಡಿದವರಲ್ಲಿ ಹಲವರು ಅದರ ಜಾಗದಲ್ಲಿ ಅಗ್ಗದ ಎನ್‌ಇ555 ಕೂರಿಸುತ್ತಾರೆ. ಕಾಲುಗಳ ಜೋಡಣೆ ಒಂದೇ, ನೋಡಲೂ ಒಂದೇ. ಆದರೆ ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, ನಿಮ್ಮ ಬೋರ್ಡ್ ಕೊಡುವುದು 3.3. ಅಂಕಿ ಬರುತ್ತದೆ, ಆದರೆ ಅದಕ್ಕೂ ಮಣ್ಣಿಗೂ ಸಂಬಂಧವಿರುವುದಿಲ್ಲ. ಅದೇ ಸೆನ್ಸರಿನ ಕತ್ತರಿಸಿದ ಅಂಚಿಗೆ ಲೇಪನ ಹಾಕದೆ ನೆಟ್ಟರೆ ಒಂದು ಮಳೆಗಾಲದೊಳಗೆ ಫೈಬರ್ ಪದರಗಳ ನಡುವೆ ನೀರು ಇಳಿದು, ಬೇಸಿಗೆಯಲ್ಲೂ ತೋಟ ಒದ್ದೆಯಾಗಿದೆ ಎಂದೇ ಹೇಳುತ್ತಿರುತ್ತದೆ.

ಇದರಲ್ಲಿ ನಿಮಗೆ ಲಾಭವೂ ಇದೆ, ಅಪಾಯವೂ ಇದೆ. ಕೆಟ್ಟ ನಕಲು ನಿಮ್ಮ ಗಿರಾಕಿಯನ್ನು ಹೆಚ್ಚು ದಿನ ಹಿಡಿದಿಡಲಾರದು. ಆದರೆ ಅದು ನಿಮ್ಮ ಹೆಸರಿನಲ್ಲಿ ತಿರುಗಾಡಿದರೆ ಬೈಗುಳ ನಿಮ್ಮ ಮನೆಗೇ ಬರುತ್ತದೆ. ಆದ್ದರಿಂದ ನಕ್ಷೆಗಿಂತ ಮೊದಲು ಹೆಸರು ಕಾಯಿರಿ.

ಹೆಸರಿನ ತೂಕ ಎಷ್ಟೆಂದು ಆರ್ಡುಯಿನೊ ಎಂಬ ಎಲೆಕ್ಟ್ರಾನಿಕ್ಸ್ ಬೋರ್ಡಿನ ಕಥೆ ತೋರಿಸುತ್ತದೆ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿದ ಆ ಬೋರ್ಡಿನ ನಕ್ಷೆ ಮೊದಲಿಂದಲೂ ಮುಕ್ತ. ಅದರ ನಕಲುಗಳು ಲೋಕದ ತುಂಬ ಇವೆ, ಅದಕ್ಕೆ ಅವರು ತಕರಾರು ತೆಗೆಯಲಿಲ್ಲ. ಒಳಗೊಳಗೇ ದೊಡ್ಡ ಜಗಳ ಬಿದ್ದದ್ದು ‘ಆರ್ಡುಯಿನೊ’ ಎಂಬ ಹೆಸರಿಗೆ. ಎರಡು ಕಂಪನಿಗಳು ತಮ್ಮದೇ ಹಕ್ಕು ಎಂದವು, 2015ರಲ್ಲಿ ಒಂದು ಪಕ್ಷ ಅಮೆರಿಕದ ಹೊರಗೆ ‘ಜೆನುಯಿನೊ’ ಎಂಬ ಬೇರೆ ಹೆಸರಿನಲ್ಲಿ ಮಾರಬೇಕಾಯಿತು, 2016ರಲ್ಲಿ ರಾಜಿಯಾಯಿತು. ನೀವು ಟ್ರೇಡ್‌ಮಾರ್ಕಿಗೆ ಎಲೆಕ್ಟ್ರಾನಿಕ್ಸ್ ಸಾಮಾನಿನ 9ನೇ ವರ್ಗದಲ್ಲಿ ಅರ್ಜಿ ಹಾಕಿ. ಉದ್ಯಮ ನೋಂದಣಿಯಿರುವ ಸಣ್ಣ ಘಟಕಕ್ಕೆ ಆನ್‌ಲೈನ್ ಶುಲ್ಕ 4,500 ರೂಪಾಯಿ, ನೋಂದಣಿ ಹತ್ತು ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬಹುದು. ಕಡತ ಬಿಡುವ ದಿನಕ್ಕೆ ಅರ್ಜಿ ಸಂಖ್ಯೆ ಕೈಯಲ್ಲಿರಲಿ. ‘ನಕ್ಷೆ ಬಳಸಿ, ಹೆಸರು ಮತ್ತು ಚಿಹ್ನೆ ಬಳಸುವಂತಿಲ್ಲ’ ಎಂಬ ಸಾಲು ಬಿಡುವ ಕಡತದಲ್ಲೇ ಇರಬೇಕು, ಬೋರ್ಡಿನ ಕಡತದಿಂದ ನಿಮ್ಮ ಲೋಗೊ ತೆಗೆದಿರಬೇಕು. ಇದನ್ನು ಮರೆತವರೇ ಹೆಚ್ಚು. ಲೋಗೊ ಸಮೇತ ಕಡತ ಬಿಟ್ಟರೆ ನಕಲುಗಾರ ಉದ್ದೇಶವಿಲ್ಲದೆಯೂ ನಿಮ್ಮ ಹೆಸರು ಅಚ್ಚು ಮಾಡಿಸುತ್ತಾನೆ.

ಇನ್ನು ಪೇಟೆಂಟ್. ಇಲ್ಲಿ ಖಾರವಾಗಿ ಹೇಳಬೇಕಾಗಿದೆ, ಬೇಸರ ಬೇಡ. ಭಾರತದ ಕಾಯ್ದೆಯಲ್ಲಿ ಅರ್ಜಿ ಹಾಕುವ ಮೊದಲು ಜಗತ್ತಿಗೆ ಗೊತ್ತಾದದ್ದು ಹೊಸತಲ್ಲ. ಕೆಲವು ಅಧಿಸೂಚಿತ ಪ್ರದರ್ಶನ, ವಿದ್ವತ್ ಸಭೆಗಳಂಥ ಸಂದರ್ಭಕ್ಕೆ ಮಾತ್ರ 12 ತಿಂಗಳ ವಿನಾಯಿತಿ. ಎರಡು ವರ್ಷ ಮಾರಾಟವಾದ ಪೆಟ್ಟಿಗೆಯನ್ನು ಬಿಚ್ಚಿದರೆ ಕಾಣುವ ಯಾವುದಕ್ಕೂ ಇನ್ನು ಪೇಟೆಂಟ್ ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಹೊರರೂಪದ ಡಿಸೈನ್ ನೋಂದಣಿಗೂ ಅದೇ ಗತಿ. ಮುಂದಿನ ಮಾದರಿಯಲ್ಲಿ ನಿಜಕ್ಕೂ ಹೊಸ ತಂತ್ರವಿದ್ದರೆ ಮಾರುವ, ತೋರಿಸುವ ಮೊದಲೇ ತಾತ್ಕಾಲಿಕ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ಣ ಅರ್ಜಿ ಕೊಡಿ. ಮಳೆ ಮಾಪಕಕ್ಕೆ ಆ ಖರ್ಚು ವಾಪಸ್ ಬರುತ್ತದೆ ಎಂದು ನನಗನಿಸುವುದಿಲ್ಲ.

ಲೈಸೆನ್ಸ್ ಬಗ್ಗೆ ಒಂದು ತಪ್ಪು ಕಲ್ಪನೆ ಬಲವಾಗಿದೆ: ಸಾಫ್ಟ್‌ವೇರಿನಂತೆ ಇಲ್ಲೂ ಲೈಸೆನ್ಸ್ ಹಾಕಿದರೆ ಎಲ್ಲರೂ ಕಟ್ಟುಬೀಳುತ್ತಾರೆ ಎನ್ನುವುದು. ಸಾಫ್ಟ್‌ವೇರ್ ಬರೆದ ಕೂಡಲೇ ಕಾಪಿರೈಟ್ ಬರುತ್ತದೆ, ಲೈಸೆನ್ಸಿಗೆ ಅದೇ ಬೆನ್ನೆಲುಬು. ಹಾರ್ಡ್‌ವೇರಿನಲ್ಲಿ ಕಾಪಿರೈಟ್ ಇರುವುದು ನಿಮ್ಮ ಚಿತ್ರಕ್ಕೆ, ಆ ಚಿತ್ರ ಹೇಳುವ ಸರ್ಕ್ಯೂಟಿನ ಕೆಲಸಕ್ಕಲ್ಲ. ಹೊರರೂಪದ ವಿಷಯದಲ್ಲಿ ನಮ್ಮ 1957ರ ಕಾಪಿರೈಟ್ ಕಾಯ್ದೆಯ 15ನೇ ಸೆಕ್ಷನ್ ಇನ್ನೂ ಬಿಗಿ. ಡಿಸೈನ್ ಕಾಯ್ದೆಯಡಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ಆಕಾರವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಆ ಡಿಸೈನಿನ ಕಾಪಿರೈಟ್ ನಿಂತುಹೋಗುತ್ತದೆ. ನೀವು 60 ದಾಟಿದ್ದೀರಿ. ಆದ್ದರಿಂದ ಲೈಸೆನ್ಸನ್ನು ಮುಳ್ಳುಬೇಲಿ ಅಂದುಕೊಳ್ಳಬೇಡಿ, ಅದು ಗಡಿಕಲ್ಲು ಮಾತ್ರ. ಮರ್ಯಾದಸ್ಥ ದಾಟುವುದಿಲ್ಲ. ನಿಮ್ಮ ಕಡತ ಮುಟ್ಟದೆ ಪೆಟ್ಟಿಗೆ ಬಿಚ್ಚಿಯೇ ನಕಲು ಮಾಡಿದವನನ್ನು ಅದು ತಡೆಯುವುದೂ ಕಷ್ಟ.

ಆದರೂ ಗಡಿಕಲ್ಲು ಬೇಕು. ಜಿನೀವಾದ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸೆರ್ನ್ ಸಂಸ್ಥೆಯ ಓಪನ್ ಹಾರ್ಡ್‌ವೇರ್ ಲೈಸೆನ್ಸಿನ ಎರಡನೇ ಆವೃತ್ತಿ, 2020ರದ್ದು, ಈಗ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ ಮೂರು ಬಗೆ. ‘ಪಿ’ ಹಾಕಿದರೆ ಬಳಸಿದವರು ನಿಮ್ಮ ಹಕ್ಕಿನ ಸೂಚನೆ ಉಳಿಸಿಕೊಂಡರೆ ಸಾಕು, ತಮ್ಮ ತಿದ್ದುಪಡಿ ಮುಚ್ಚಿಡಬಹುದು. ‘ಎಸ್’ ಹಾಕಿದರೆ ತಿದ್ದಿ ಮಾರುವವರು ಇಡೀ ಉತ್ಪನ್ನದ ಮೂಲ ಕಡತವನ್ನು ಅದೇ ಲೈಸೆನ್ಸಿನಲ್ಲಿ ಕೊಡಬೇಕು. ‘ಡಬ್ಲ್ಯೂ’ ನಡುವಿನದು: ನಿಮ್ಮ ಭಾಗಕ್ಕೆ ಮಾಡಿದ ತಿದ್ದುಪಡಿ ಕೊಡಬೇಕು, ಅದು ಕೂತಿರುವ ದೊಡ್ಡ ಯಂತ್ರವನ್ನು ಮುಚ್ಚಿಟ್ಟುಕೊಳ್ಳಬಹುದು. ನಿಮ್ಮ ಪೆಟ್ಟಿಗೆ ತಾನೇ ಪೂರ್ತಿ ಉತ್ಪನ್ನವಾದ್ದರಿಂದ ನಾನು ‘ಎಸ್’ ಎನ್ನುತ್ತೇನೆ. ‘ವ್ಯಾಪಾರಕ್ಕೆ ಬಳಸುವಂತಿಲ್ಲ’ ಎಂಬ ಷರತ್ತು ಸೇರಿಸಲು ಮನಸ್ಸಾಗುತ್ತದೆ. ಸೇರಿಸಿದರೆ ಅದು ಓಪನ್ ಹಾರ್ಡ್‌ವೇರ್ ಅಲ್ಲ. ಬೆಳೆಗಾರರ ಗುಂಪಿಗೂ ಅದರಿಂದ ಉಪಯೋಗವಿಲ್ಲ, ನಾಳೆ ಅವರು ರಿಪೇರಿಗೆ ಕರೆಸುವವನು ದುಡ್ಡಿಗೇ ಕೆಲಸ ಮಾಡುವವನು. ಇನ್ನೊಂದು ಸೂಕ್ಷ್ಮ: ನೀವು ಮಾಲೀಕರಾದ್ದರಿಂದ ನಿಮ್ಮದೇ ಕಡತವನ್ನು ಬೇರೊಬ್ಬರಿಗೆ ಬೇರೆ ಷರತ್ತಿನಲ್ಲೂ ಕೊಡಬಹುದು. ಹೊರಗಿನವರ ತಿದ್ದುಪಡಿಯನ್ನು ಒಳಗೆ ಸೇರಿಸಿಕೊಂಡ ಮೇಲೆ ಅವರ ಒಪ್ಪಿಗೆಯಿಲ್ಲದೆ ಹಾಗೆ ಮಾಡುವಂತಿಲ್ಲ.

ಒಮ್ಮೆ ಬಿಟ್ಟ ಆವೃತ್ತಿಯನ್ನು ವಾಪಸ್ ಪಡೆಯಲಾಗುವುದಿಲ್ಲ. ಮುಂದಿನದನ್ನು ಮುಚ್ಚಬಹುದು, ದೊಡ್ಡವರೂ ಮುಚ್ಚಿದ್ದಾರೆ. 3ಡಿ ಪ್ರಿಂಟರ್ ಮಾಡುವ ಮೇಕರ್‌ಬಾಟ್ 2012ರ ರೆಪ್ಲಿಕೇಟರ್ 2ರಿಂದ ಮುಚ್ಚಿಕೊಂಡಿತು, ಜೊತೆಗೆ ಬೆಳೆಸಿದವರ ಸಿಟ್ಟನ್ನೂ ಕಟ್ಟಿಕೊಂಡಿತು. ಮುಕ್ತ ನಕ್ಷೆಗೇ ಹೆಸರಾಗಿದ್ದ ಜೆಕ್ ದೇಶದ ಪ್ರೂಶಾ ಕೂಡ 2023ರಲ್ಲಿ ಎಂಕೆ4 ತಂದಾಗ ಬೋರ್ಡಿನ ಕಡತಗಳನ್ನು ಹಿಂದಿನಂತೆ ಬಿಡಲಿಲ್ಲ. ಇಬ್ಬರಿಗೂ ಕಾರಣ ಒಂದೇ: ದರದ ಸ್ಪರ್ಧೆ, ನಕಲಿನ ತೊಂದರೆ. ಬೋರ್ಡ್ ಮಾರಾಟವೊಂದರಿಂದಲೇ ಹೊಟ್ಟೆ ತುಂಬಬೇಕಾದ ಘಟಕಕ್ಕೆ ಓಪನ್ ಹಾರ್ಡ್‌ವೇರ್ ಹಿಡಿಸುವುದಿಲ್ಲ ಎಂದು ನೇರವಾಗಿಯೇ ಹೇಳುತ್ತೇನೆ. ನಿಮ್ಮ ಆದಾಯದಲ್ಲಿ ನೆಡುವುದು, ಸರಿಹೊಂದಿಸುವುದು, ವರ್ಷಕ್ಕೊಮ್ಮೆ ಸರ್ವಿಸ್ ಸೇರಿರುವುದರಿಂದ ಲೆಕ್ಕ ಬೇರೆ.

ಪ್ರೋಗ್ರಾಮ್ ಪೂರ್ತಿ ಕೊಡಲೇಬೇಕೆಂದಿಲ್ಲ. ಓಪನ್ ಹಾರ್ಡ್‌ವೇರಿನ ಒಪ್ಪಿತ ವ್ಯಾಖ್ಯೆಯ ಪ್ರಕಾರ, ಅದು ಇಲ್ಲದೆ ಸಾಧನ ನಡೆಯದಿದ್ದರೆ ಒಂದೋ ಪ್ರೋಗ್ರಾಮನ್ನು ಮುಕ್ತವಾಗಿ ಬಿಡಬೇಕು, ಇಲ್ಲವೇ ಇನ್ನೊಬ್ಬರು ಹೊಸದಾಗಿ ಬರೆದುಕೊಳ್ಳುವಷ್ಟು ವಿವರ ಕೊಡಬೇಕು. ಯಾವ ಪಿನ್ನಿಗೆ ಏನು, ರೇಡಿಯೊದಲ್ಲಿ ಹೋಗುವ ಬೈಟುಗಳ ಅರ್ಥವೇನು, ತಿದ್ದುಪಟ್ಟಿ ಎಲ್ಲಿ ಕೂತಿದೆ ಎಂದು ನಾಲ್ಕು ಪುಟ ಬರೆದರೆ ಎರಡನೆಯದು ಆಯಿತು. ಮಳೆ ಪೆಟ್ಟಿಗೆಯ ಪ್ರೋಗ್ರಾಮನ್ನು ಮುಕ್ತವಾಗಿ ಬಿಟ್ಟುಬಿಡಿ, ಅದರಲ್ಲಿ ಬಚ್ಚಿಡುವಂಥದ್ದೇನೂ ಇಲ್ಲ. ಬಂಗಲೆಯ ಕಡೆ ಓಡುವ ಲೆಕ್ಕ, ವರದಿ, ಮೊಬೈಲ್ ಆ್ಯಪ್ ನಿಮ್ಮಲ್ಲೇ ಇರಲಿ.

ಈಗ ಪಂಪ್ ಬಾಕ್ಸ್. ಅದರ ನಕ್ಷೆಯನ್ನು ಸದ್ಯಕ್ಕೆ ಹೊರಗೆ ಬಿಡಬೇಡಿ. ಮಳೆ ಪೆಟ್ಟಿಗೆ ತಪ್ಪಿದರೆ ಲೆಕ್ಕ ತಪ್ಪುತ್ತದೆ, ಇದು ತಪ್ಪಿದರೆ ಕೈ ಸುಡುತ್ತದೆ, ಜೀವವೂ ಹೋಗಬಹುದು. 415 ವೋಲ್ಟ್ ಬರುವ ಗೆರೆಗೂ 3.3 ವೋಲ್ಟ್ ಭಾಗಕ್ಕೂ ನಡುವೆ ನೀವು 8 ಮಿ.ಮೀ. ಬಿಟ್ಟು, ಮಧ್ಯೆ ಬೋರ್ಡನ್ನೇ ಕೊರೆದು ಸೀಳು ಮಾಡಿ, ಮೇಲೆ ಲೇಪನ ಹೊಡೆದಿದ್ದೀರಿ ಎಂದಿಟ್ಟುಕೊಳ್ಳಿ. ನಕಲು ಮಾಡುವವನಿಗೆ ಅದು ಪೋಲಾದ ಜಾಗದಂತೆ ಕಾಣುತ್ತದೆ. ಬೋರ್ಡ್ ಚಿಕ್ಕದು ಮಾಡಿ ಹಣ ಉಳಿಸಲು ಮೊದಲು ತೆಗೆಯುವುದೇ ಅದನ್ನು. ಆಷಾಢದ ತೇವಕ್ಕೆ ಪಂಪ್ ಹೌಸಿನ ಗೋಡೆಯೇ ಬೆವರುವಾಗ ಆ ಅಂತರ ಯಾಕಿತ್ತೆಂದು ಗೊತ್ತಾಗುತ್ತದೆ. ಪಂಪಿಗೆ ಕರೆಂಟ್ ಹಾಯಿಸುವ ಕಾಂಟ್ಯಾಕ್ಟರಿನ ಕಾಯಿಲಿಗೆ ಅಡ್ಡವಾಗಿ ಹಾಕಿದ, ಕಿಡಿ ತಡೆಯುವ ಸ್ನಬ್ಬರ್ ತೆಗೆದರೂ ಮೊದಲ ವಾರ ಎಲ್ಲ ಸರಿಯಿರುತ್ತದೆ. ಆಮೇಲೊಂದು ದಿನ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡು, ಮೊಬೈಲಿನಲ್ಲಿ ಆಫ್ ಎಂದಿದ್ದರೂ ಪಂಪ್ ಓಡುತ್ತಲೇ ಇರುತ್ತದೆ, ಬಾವಿ ಬತ್ತಿ ಮೋಟರ್ ಸುಡುತ್ತದೆ.

ಹೊಣೆಯ ಪ್ರಶ್ನೆಗೆ ಉತ್ತರ: ಸೆರ್ನ್ ಲೈಸೆನ್ಸಿನಲ್ಲಿ ‘ಯಾವ ಖಾತರಿಯೂ ಇಲ್ಲ’ ಎಂಬ ಮಾತಿದೆ. ಆದರೆ ಅದು ಲೈಸೆನ್ಸ್ ಪಡೆದವನಿಗೂ ನಿಮಗೂ ನಡುವಿನ ಒಪ್ಪಂದ, ಅವನಿಂದ ಬಾಕ್ಸ್ ಕೊಂಡ ಮೂರನೆಯವರು ಅದಕ್ಕೆ ಸಹಿ ಹಾಕಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ‘ಉತ್ಪನ್ನ ತಯಾರಕ’ ಎಂಬ ಪದದ ವ್ಯಾಖ್ಯೆ ಅಗಲವಾಗಿದೆ. ಮಾಡಿದವರು, ಜೋಡಿಸಿದವರು, ತಮ್ಮ ಗುರುತು ಹಾಕಿದವರ ಜೊತೆ ಮಾರಾಟಕ್ಕೆ ಮೊದಲು ವಿನ್ಯಾಸ ಮಾಡಿದವರೂ ಅದರಲ್ಲಿ ಬರುತ್ತಾರೆ. ಬೇರೆಯವನು ಮಾಡಿ ಮಾರಿದ್ದಕ್ಕೆ ಹೊಣೆ ಸಹಜವಾಗಿ ಮೊದಲು ಅವನ ಮೇಲೆಯೇ ಬೀಳಬೇಕು. ಹಾಗೆಂದು ನಿಮ್ಮನ್ನು ಪಕ್ಷಗಾರರನ್ನಾಗಿ ಎಳೆಯಲಾರರು ಎನ್ನುವಂತಿಲ್ಲ. ಈ ಒಂದು ಪ್ರಶ್ನೆಯನ್ನು ವಕೀಲರ ಮುಂದಿಟ್ಟೇ ತೀರ್ಮಾನಿಸಿ.

ಪಂಪ್ ಬಾಕ್ಸ್ ಮುಚ್ಚಿಟ್ಟರೆ ಬೆಳೆಗಾರರ ಭಯ ಹಾಗೇ ಉಳಿಯುತ್ತದಲ್ಲ? ಅದಕ್ಕೆ ಠೇವಣಿಯ ದಾರಿಯಿದೆ. ಪೂರ್ತಿ ಕಡತವನ್ನು ಮುದ್ರೆ ಹಾಕಿ ಇಬ್ಬರೂ ಒಪ್ಪಿದ ವಕೀಲರ ಬಳಿ ಇಡಿ. ಘಟಕ ಮುಚ್ಚಿದರೆ, ಅಥವಾ ಲಿಖಿತ ದೂರು ಕೊಟ್ಟ 60 ದಿನದೊಳಗೆ ನೀವು ಬಿಡಿಭಾಗ ಒದಗಿಸದಿದ್ದರೆ, ಆ ಗುಂಪಿನ ಸದಸ್ಯರ ರಿಪೇರಿಗೆ ಮಾತ್ರ ಅದನ್ನು ತೆರೆಯಬಹುದು ಎಂದು ಒಪ್ಪಂದ ಮಾಡಿ. ಈ ದಾರಿ ಸೋಲುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಬೋರ್ಡ್ ಮೂರು ಸಲ ಬದಲಾಗಿರುತ್ತದೆ, ಠೇವಣಿಯಲ್ಲಿ ಮೊದಲನೆಯದೇ ಕೂತಿರುತ್ತದೆ. ಪ್ರತಿ ಬದಲಾವಣೆಗೂ ಹೊಸ ಪ್ರತಿ ಇಡುವ ಹೊಣೆ ಯಾರದೆಂದು ಹೆಸರು ಹಾಕಿ ಬರೆಯಿರಿ.

ಗುಂಪಿಗೆ ಹೀಗೆ ಹೇಳಿ: 150ರ ಮುಂಗಡ ಬಂದ ಮೇಲೆ ಮಳೆ ಪೆಟ್ಟಿಗೆಯ ನಕ್ಷೆ ‘ಎಸ್’ ಲೈಸೆನ್ಸಿನಲ್ಲಿ ಹೊರಗೆ, ಪಂಪ್ ಬಾಕ್ಸ್ ಠೇವಣಿಯಲ್ಲಿ, ಗುಂಪಿನ ಗೋದಾಮಿನಲ್ಲಿ 10 ಬೋರ್ಡ್, 20 ರೀಡ್ ಸ್ವಿಚ್, 15 ಬ್ಯಾಟರಿ ಮೊದಲೇ ಇಟ್ಟಿರುತ್ತೇವೆ. ನಿಜ ಹೇಳಬೇಕೆಂದರೆ ಜುಲೈಯಲ್ಲಿ ಪೆಟ್ಟಿಗೆ ಕೆಟ್ಟ ಬೆಳೆಗಾರನಿಗೆ ಇಂಟರ್‌ನೆಟ್ಟಿನ ನಕ್ಷೆಗಿಂತ ಆ ಗೋದಾಮಿನ ರೀಡ್ ಸ್ವಿಚ್ ದೊಡ್ಡದು.

ಬಿಡುವ ಕಡತದ ಬಗ್ಗೆ. ಬೋರ್ಡ್ ಮಾಡಿಸಲು ಕಳಿಸುವ ಗರ್ಬರ್ ಕಡತ ಮಾತ್ರ ಹಾಕಿ ‘ಓಪನ್’ ಎನ್ನುವವರಿದ್ದಾರೆ. ಅದು ಅಡುಗೆಯ ಫೋಟೊ ಕೊಟ್ಟಂತೆ, ತಿದ್ದಲು ಬರುವುದಿಲ್ಲ. ತಿದ್ದಬಹುದಾದ ಮೂಲ ಕಡತ ಬೇಕು, ಅದೂ ದುಡ್ಡು ಕೊಡದೆ ತೆರೆಯುವಂತಿರಬೇಕು. ದುಬಾರಿ ಸಾಫ್ಟ್‌ವೇರಿನಲ್ಲಿ ಮಾಡಿದ್ದರೆ ಉಚಿತವಾಗಿ ಸಿಗುವ ಕಿಕ್ಯಾಡ್ ಸಾಫ್ಟ್‌ವೇರಿಗೆ ತನ್ನಿ. ಬಿಡಿಭಾಗದ ಪಟ್ಟಿಯಲ್ಲಿ ‘555 ಐಸಿ’ ಎಂದು ಬರೆದು ಬಿಟ್ಟರೆ ಮೇಲೆ ಹೇಳಿದ ಅನಾಹುತವೇ ಆಗುತ್ತದೆ. ತಯಾರಕರ ಪೂರ್ತಿ ಸಂಖ್ಯೆ, ಬದಲಿಗೆ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ, ಯಾಕೆ ಎಂದು ಬರೆಯಿರಿ. ಲೋರಾ ಮಾಡ್ಯೂಲಿನ ಮುಂದೆ 865ರಿಂದ 868 ಮೆಗಾಹರ್ಟ್ಸ್ ಎಂದು ದಪ್ಪಕ್ಷರದಲ್ಲಿರಲಿ. ನೋಡಲು ಹಾಗೇ ಇರುವ 915ರ ಮಾಡ್ಯೂಲೂ ಮಾರುಕಟ್ಟೆಯಲ್ಲಿದೆ, ಇಲ್ಲಿ ಅದನ್ನು ಬಳಸುವಂತಿಲ್ಲ. ರೇಡಿಯೊ ಇರುವ ಸಾಧನ ಮಾಡಿ ಮಾರುವವರು ಕೇಂದ್ರ ಸರ್ಕಾರದ ರೇಡಿಯೊ ಪರವಾನಗಿ ವಿಭಾಗ ಡಬ್ಲ್ಯೂಪಿಸಿಯ ಅನುಮೋದನೆ ತಾವೇ ನೋಡಿಕೊಳ್ಳಬೇಕು ಎಂದೂ ಬರೆಯಿರಿ, ನಿಮ್ಮ ಅನುಮೋದನೆ ಅವರಿಗೆ ಸಲ್ಲುವುದಿಲ್ಲ. ಚಿಪ್ ಕಂಪನಿ ಗೋಪ್ಯತಾ ಒಪ್ಪಂದದ ಮೇಲೆ ಕೊಟ್ಟ ದಾಖಲೆ, ಬೇರೆಯವರ ಡ್ರಾಯಿಂಗ್ ಒಳಗೆ ಉಳಿದಿದೆಯೇ ನೋಡಿ. ಹಳೆಯ ಪ್ರೋಗ್ರಾಮ್ ಆವೃತ್ತಿಗಳನ್ನು ಇತಿಹಾಸ ಸಮೇತ ಬಿಟ್ಟರೆ ಯಾವುದೋ ತೋಟದ ವೈಫೈ ಪಾಸ್‌ವರ್ಡ್, ಲೋರಾ ಕೀಲಿ ಅದರೊಳಗೆ ಹೊರಬೀಳುತ್ತದೆ. ಇತಿಹಾಸ ಕೈಬಿಟ್ಟು ಹೊಸ ಪ್ರತಿ ಮಾತ್ರ ಹಾಕಿ, ಕೀಲಿಗಳನ್ನು ಬದಲಿಸಿ. ಇಷ್ಟನ್ನೂ ಇಬ್ಬರು ಕೂತು ಮಾಡಿದರೆ ಮೂರು ನಾಲ್ಕು ವಾರದ ಕೆಲಸ. ಆ ಕೂಲಿಯನ್ನು 150ರ ದರದಲ್ಲಿ ಸೇರಿಸಿಕೊಳ್ಳಿ, ಸಂಕೋಚ ಬೇಡ.

ನೀರು ಬಿಟ್ಟು ಎಣಿಸುವ ವಿಧಾನವನ್ನೂ ಬಚ್ಚಿಡದೆ ಬರೆಯಿರಿ. ಕೊನೆಗೆ, ನಿಮ್ಮ ಪೆಟ್ಟಿಗೆಯನ್ನು ಕಂಡೇ ಇರದ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಕಡತ, ಬಿಡಿಭಾಗದ ದುಡ್ಡು ಕೊಟ್ಟು ಒಂದನ್ನು ಮಾಡಲು ಹೇಳಿ. ಫೋನಿನಲ್ಲಿ ಏನೂ ಹೇಳಿಕೊಡಬೇಡಿ. ಅವನು ಎಲ್ಲೆಲ್ಲಿ ತಡವರಿಸುತ್ತಾನೋ ಅಲ್ಲೆಲ್ಲ ನಿಮ್ಮ ಬರಹ ಸಾಲದು ಎಂದರ್ಥ. ಅವನ ಪೆಟ್ಟಿಗೆ ಒಂದು ಲೀಟರಿಗೆ 194ರಿಂದ 198ರೊಳಗೆ ಎಣಿಸಿದ ದಿನ ಕಡತ ಬಿಡಬಹುದು. ಇದನ್ನು ಏಪ್ರಿಲ್ ಒಳಗೆ ಮುಗಿಸಿ. ಮೇ ತಿಂಗಳು ಕಂಬ ನೆಡುವುದಕ್ಕೇ ಸಾಲುವುದಿಲ್ಲ.